ಶುಕ್ರಗ್ರಹ ಮತ್ತು ಒಂದು ಮೀಸೆ

ಪಂಕ್ಚರ್ ಅಂಗಡಿಯವನಿಗೆ ಬಾಯಿ ಮುಚ್ಚಿಕೊಂಡಿರುವ ಗುಣ ಇರಲಿಲ್ಲ. ಅವತ್ತು ಬೆಳಿಗ್ಗೆ ಪಕ್ಕದ ಕ್ಷೌರದಂಗಡಿಯಲ್ಲಿ ಪೇಪರ್ ಓದುತ್ತಾ, "ಶುಕ್ರಗ್ರಹದ ತುಂಬ ಸೋಡಾಕ್ಕೆ ಹಾಕೋ ಗ್ಯಾಸೇ ಅಂತೆ ಕಣೋ. ಎಷ್ಟು ದಪ್ಪ ಅಂದ್ರೆ, ನಮ್ಮ ಗಾಳಿ ತುಂಬಿದ ಬಲೂನು ಅಲ್ಲಿ ನೀರಲ್ಲಿ ಬೆಂಡು ತೇಲಿದ ಹಾಗೆ ತೇಲುತ್ತಂತೆ" ಎಂದ.

"ಗಾಳಿ ಹೊಡೆಯೋನ ಬಾಯಲ್ಲಿ ಗಾಳಿಮಾತಲ್ದೆ ಇನ್ನೇನು ಬರುತ್ತೆ?" ಎಂದ ಕ್ಷೌರಿಕ. ಕಾಯುತ್ತಿದ್ದ ಗಿರಾಕಿಗಳೆಲ್ಲ ನಕ್ಕರು.

"ಸಾಯಂಕಾಲದೊಳಗೆ ಅದೇ ಗ್ಯಾಸಲ್ಲಿ ಬಲೂನು ತೇಲಿಸಿ ತೋರಿಸ್ತೀನಿ. ಇಲ್ದಿದ್ರೆ ಈ ಮೀಸೆ ನಿಂದು!"

"ತೇಲಿದ್ರೆ ವರ್ಷ ಪೂರ್ತಿ ನಿನ್ನ ಗಡ್ಡ ಪುಕ್ಕಟೆ, ಹೋಗು."

ಹತ್ತೊಂಬತ್ತು ವರ್ಷದ ಮೀಸೆ. ಹೆಂಡತಿ ತನ್ನನ್ನು ಒಪ್ಪಿದ್ದೇ ಅದನ್ನು ನೋಡಿ ಎಂದು ಅವನು ನಂಬಿದ್ದ.

ಎದುರಿನ ಸೋಡಾ ಅಂಗಡಿಯವನು ಕರೆಯದೆಯೇ ಸಿಲಿಂಡರ್ ಉರುಳಿಸಿಕೊಂಡು ಬಂದ. ಡ್ರಮ್ಮೊಂದನ್ನು ಬೀದಿಯಲ್ಲಿಟ್ಟು ಗ್ಯಾಸು ತುಂಬಿ, ಊದಿದ ಬಲೂನೊಂದನ್ನು ಅದರೊಳಗೆ ಬಿಟ್ಟರು. ಬಸ್ಸೊಂದು ಭರ್ರೆಂದು ಹೋಯಿತು; ಬಲೂನು ಟಿಕೆಟ್ ತೆಗೆದುಕೊಂಡವರಂತೆ ಅದರ ಹಿಂದೆಯೇ ಓಡಿತು. ಎರಡನೇ ಸಲ ಸೋಡಾದವನು ಸಿಲಿಂಡರಿನ ತಿರುಪನ್ನು ಒಂದೇ ಏಟಿಗೆ ತಿರುಗಿಸಿಬಿಟ್ಟ. ಬಲೂನು ಬೆದರಿದ ಕೋಳಿಯ ಹಾಗೆ ಹಾರಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕ್ಷೌರಿಕನ ಕತ್ತರಿಗೇ ಸಿಕ್ಕಿ ಒಡೆಯಿತು. ಮೂರನೆಯದು ಕಲ್ಲಿನಂತೆ ತಳ ಸೇರಿತು.

"ನೀರು ಬಿಸಿಗಿಡ್ಲಾ?" ಎಂದ ಕ್ಷೌರಿಕ.

"ಇಡು, ಮುಖ ತೊಳ್ಕೊಳ್ಳೋದಕ್ಕೆ ನಿನಗೇ ಬೇಕಾಗುತ್ತೆ" ಎನ್ನುತ್ತಾ ಪಂಕ್ಚರಿನವನು ಬಲೂನು ಎತ್ತಿ ನೋಡಿದ. ಎರಡು ಊದಿ ದವಡೆ ನೋವು ಬಂದಿತ್ತೆಂದು ಇದಕ್ಕೆ ಪಂಪಿನಿಂದ ಗಾಳಿ ಹೊಡೆದಿದ್ದ. ಅಭ್ಯಾಸಬಲದಿಂದ ಅದರ ಬಾಯಿಗೆ ಸೈಕಲ್ ಟ್ಯೂಬಿನ ಭಾರದ ಹಿತ್ತಾಳೆ ವಾಲ್ವ್ ಕಟ್ಟಿದ್ದ!

"ಬಲೂನಿಗೆ ಯಾರಾದ್ರೂ ವಾಲ್ವ್ ಹಾಕ್ತಾರೇನೋ ಮಾರಾಯ?" ಎಂದ ಸೋಡಾದವನು.

"ಕೈ ಕೇಳ್ಲಿಲ್ಲ ಕಣೋ."

ವಾಲ್ವ್ ಕಿತ್ತು ದಾರ ಕಟ್ಟಿದ. ಡ್ರಮ್ಮನ್ನು ಕ್ಷೌರದಂಗಡಿಯ ಒಳಕ್ಕೇ ಎಳೆದ. ಬಾಗಿಲು ಹಾಕಿಸಿ, ಫ್ಯಾನ್ ಆರಿಸಿ, ಗ್ಯಾಸನ್ನು ಮೆಲ್ಲಗೆ ಬಿಡಿಸಿದ. ಬಲೂನು ಇಳಿಯಿತು, ಅರ್ಧದಲ್ಲಿ ತಡೆಯಿತು, ತೂಗಿತು. ನಿಂತೇ ಬಿಟ್ಟಿತು.

"ಥೂ, ತೇಲ್ತಾ ಇದೆ" ಎಂದ ಕ್ಷೌರಿಕ.

ಗೆದ್ದವನು ಅರಸನಂತೆ ಕುರ್ಚಿ ಏರಿದ. "ಮೊದಲನೇ ಗಡ್ಡ ಈಗಲೇ ಆಗ್ಲಿ. ಮೀಸೆ ಅಂಚೂ ತೀಡು."

ಕ್ಷೌರಿಕ ನೊರೆ ಹಚ್ಚಿದ. "ಕತ್ತಿ ಮೂಗಿನ ಕೆಳಗಿದೆ. ಒಂದೇ ನಿಮಿಷ ಬಾಯಿ ಮುಚ್ಕೊಂಡಿರು."

ಸೋಡಾದವನಿಗೆ ಸೆಕೆಯಾಯಿತು. ಬಾಗಿಲು ತೆಗೆದು ಫ್ಯಾನ್ ಹಾಕಿದ. ಗಾಳಿ ಡ್ರಮ್ಮಿನೊಳಗೂ ನುಗ್ಗಿತು.

"ಅಯ್ಯೋ, ಮುಳುಗ್ತಾ ಇದೆ ಕಣ್ರೋ!" ಎಂದು ಅವನೇ ಕೂಗಿದ.

"ಮುಳುಗಲ್ಲ!" ಎಂದು ಪಂಕ್ಚರಿನವನು ಗಕ್ಕನೆ ತಲೆ ತಿರುಗಿಸಿದ.

ಸರ್ರ್.

ಅರ್ಧ ಮೀಸೆ ಕೊರಳಿನ ಬಟ್ಟೆಗೆ ಬಿತ್ತು. ಉಳಿದರ್ಧವನ್ನು ಇಟ್ಟುಕೊಂಡು ಬೀದಿಗಿಳಿಯುವ ಹಾಗಿರಲಿಲ್ಲ, ಅದನ್ನೂ ತೆಗೆಸಿದ.

ಕ್ಷೌರಿಕ ಡ್ರಮ್ಮಿಗೆ ಬಗ್ಗಿ ನೋಡಿ ಕತ್ತಿ ಒರೆಸಿದ. "ಕೊನೆಗೆ ಮುಳುಗೇ ಹೋಯ್ತಲ್ಲಪ್ಪ. ಮೀಸೆ ನಂಗೆ ಬಂತು, ಗಡ್ಡದ ಮಾತು ಇಲ್ಲಿಗೆ ಮುಗೀತು."

ಮನೆಯಲ್ಲಿ ಹೆಂಡತಿ ಅವನನ್ನು ಬಹಳ ಹೊತ್ತು ನೋಡಿದಳು. "ಏನೋ ಬದಲಾಗಿದೆಯಲ್ರೀ... ಅಂಗಿ ಹೊಸದಾ?"

ಹೋದದ್ದು ಬಲೂನು ಎರಡು, ಗ್ಯಾಸು ಒಂದು ಸಿಲಿಂಡರ್, ಮೀಸೆ ಒಂದು.