ಶುಕ್ರವಾರಗಳೆಲ್ಲ ಮೊದಲು ಬಂದವು

ಆ ಬುಧವಾರ ನಾನು ವಾಶಿ ಮಾರುಕಟ್ಟೆಯ ಅತಿಗಣ್ಯ ವ್ಯಕ್ತಿಯಾಗಿದ್ದೆ! ನಮ್ಮ ನೀರುಳ್ಳಿ ಮಂಡಿಗೆ ಕಂಪ್ಯೂಟರ್ ಬಂದಿತ್ತು. ಯಾವ ಲಾರಿ ಬಂತು, ಎಷ್ಟು ಚೀಲ ಹೋಯಿತು ಎಂಬುದನ್ನೆಲ್ಲ ಅದು ಲಾಗ್ ಫೈಲಿನಲ್ಲಿ ಸಾಲುಸಾಲಾಗಿ ಬರೆದಿಡಬೇಕಿತ್ತು. ಪ್ರತಿ ಸಾಲಿನ ಆರಂಭದಲ್ಲಿ ದಿನ, ವೇಳೆ ಹೇಗಿರಬೇಕೆಂದು ತೀರ್ಮಾನಿಸುವ ಘನ ಜವಾಬ್ದಾರಿ ನನ್ನದು.

ಸಂಜೆ ಕೋಪರಖೈರಣೆಯ ಮನೆಯಲ್ಲಿ, ಬಂಗುಡೆ ಮೀನಿನ ಸಾರು ಕುದಿಸುತ್ತಿದ್ದ ಹೆಂಡತಿ ಸರೋಜಳ ಮುಂದೆ ವಿಷಯ ಮಂಡಿಸಿದೆ.

"ತಾರೀಕು ಮೊದಲೋ, ತಿಂಗಳು ಮೊದಲೋ?"

"ಎರಡೂ ಬೇಡ ಮಾರಾಯ್ರೆ. ವಾರ ಮೊದಲು ಹಾಕಿ. ಸೋಮವಾರ, ಗುರುವಾರ, ಶನಿವಾರ ಮೀನಿಲ್ಲ. ಅಷ್ಟು ಗೊತ್ತಿದ್ರೆ ಸಂಸಾರವೇ ನಡೀತದೆ, ನಿಮ್ಮ ಕಂಪ್ಯೂಟರ್ ನಡೆಯೂದಿಲ್ವಾ?"

ಅವಳಿಗೆ ಹಾಗೆ ಹೇಳುವ ಹಕ್ಕಿತ್ತು. ವಾರ ಮರೆತು ಮೀನು ತಂದ ನನ್ನನ್ನು ಎಷ್ಟು ಸಲ ಬಾಗಿಲಲ್ಲೇ ತಡೆದಿದ್ದಳೋ!

ಮರುದಿನ ಬೆಳಿಗ್ಗೆ, ವಾರ ಮುಂದಿರಲಿ ಎಂದು ಪ್ರೋಗ್ರಾಂ ಮಾಡುವವರಿಗೆ ಹೇಳಿದೆ. ಮಧ್ಯಾಹ್ನ ನೆರೆಮನೆಯವರ ಫೋನ್ ಬಂತು. ಸರೋಜ ಅಡುಗೆಮನೆಯಲ್ಲಿ ಕುಸಿದಿದ್ದಳು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು.

ಕ್ರಿಯೆ ಮುಗಿಸಿ ಕೆಲಸಕ್ಕೆ ಮರಳಿದೆ. ಕೆಲವು ತಿಂಗಳಲ್ಲಿ ಕಂಪ್ಯೂಟರ್ ಕೆಟ್ಟಿತು. ಲಾಗ್ ಫೈಲನ್ನು ಕ್ರಮವಾಗಿ ಜೋಡಿಸಿ ಎಲ್ಲವನ್ನೂ ಮತ್ತೆ ತುಂಬಿಸಬೇಕಾಯಿತು. ಗಂಭೀರವಾಗಿ ಗುಂಡಿ ಒತ್ತಿದೆ. ಯಂತ್ರ ಇಂಗ್ಲಿಷ್ ಅಕ್ಷರಮಾಲೆಯಂತೆ, ‘ಎಮ್’ಗಿಂತ ‘ಎಫ್’ ಮುಂದೆಂದು, ಶುಕ್ರವಾರಗಳನ್ನೆಲ್ಲ ಮೊದಲು ನಿಲ್ಲಿಸಿ, ಅವುಗಳ ಹಿಂದೆ ಸೋಮವಾರಗಳನ್ನು ನಿಲ್ಲಿಸಿತು! ಸೋಮವಾರ ಬಂದ ನೀರುಳ್ಳಿ ಬರುವ ಮೊದಲೇ ಖರ್ಚಾಗಿತ್ತು. ಗಿರಾಕಿ ಚೀಲ ಹೊತ್ತು ಹೋಗಿಯಾಗಿತ್ತು. ಲಾರಿ ಇನ್ನೂ ಘಾಟಿ ಇಳಿದಿರಲಿಲ್ಲ!

ವಿಜಾಪುರ ಕಡೆಯ ನಮ್ಮ ಮ್ಯಾನೇಜರ್ ಕುಲಕರ್ಣಿಯವರು ತಲೆ ಹಿಡಿದು ಕೂತರು.

"ಏನ್ರೀ ಶೆಟ್ರ, ವಾರ ಯಾಕ ಮುಂದ ಹಾಕ್ಸೀರಿ?"

"ಮೀನಿಗಾಗಿ ಸಾರ್."

"ಉಳ್ಳಾಗಡ್ಡಿ ಮಂಡಿಯೊಳಗ ಮೀನು ಎಲ್ಲಿಂದ ಬಂತ್ರೀ!"

ಸರೋಜ ಹೇಳಿದ್ದನ್ನು ಹೇಳಿದೆ. ಅವರು ಜೋರಾಗಿ ನಕ್ಕರು. ಆಮೇಲೆ ಕನ್ನಡಕ ಒರೆಸಿದರು.

"ಮೊದಲು ವರ್ಷ, ಆಮ್ಯಾಲ ತಿಂಗಳು, ತಾರೀಖು, ಟೈಮು. ವಾರ ತೆಗೀರಿ."

"ಕೊನೆಯಲ್ಲಾದರೂ ಇರಲಿ ಸಾರ್."

"ಕೊನೀಗಾ?" ನನ್ನ ಮುಖ ನೋಡಿದರು. "ಇರ್ಲಿ ಬಿಡ್ರಿ. ಅಲ್ಲಿ ಯಾರಿಗೂ ತ್ರಾಸಿಲ್ಲ."

ಹಾಗೆಯೇ ಮಾಡಿದೆವು. ಎಲ್ಲ ಸರಿಹೋಯಿತು. ಸಂಜೆ ವಿಜಯೋತ್ಸಾಹದಲ್ಲಿ ಬಂಗುಡೆ ಕೊಂಡು ಮನೆಗೆ ಬಂದು ಬೀಗ ತೆಗೆದೆ. ಆಗ ನೆನಪಾಯಿತು. ಅಂದು ಗುರುವಾರ! ಆ ಹೊತ್ತಿನವರೆಗೂ ಸಾಲುಸಾಲಿನ ಕೊನೆಯಲ್ಲಿ ಅದನ್ನೇ ಓದಿದ್ದ ಮಹಾನುಭಾವ ನಾನು.

ಚೀಲ ಹಿಡಿದು ಸ್ವಲ್ಪ ಹೊತ್ತು ಹೊಸ್ತಿಲ ಹೊರಗೇ ನಿಂತೆ. ಬಾಗಿಲಲ್ಲಿ ತಡೆಯುವವಳು ಇರಲಿಲ್ಲ.