ಬೀಗ ಹಾಕಿದ ಮನೆಗಳ ಪಟ್ಟಿ

ಯಾವ ಕಷ್ಟ ಬಂದರೂ ಮೊದಲು ಅದಕ್ಕೊಂದು ಫೈಲು ತೆರೆಯಬೇಕು ಎನ್ನುವುದು ನಮ್ಮಂಥ ಸರ್ಕಾರಿ ಗುಮಾಸ್ತರ ಅಂಟುರೋಗ. ನನಗದು ದಿಲ್ಲಿಯ ಸಚಿವಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಅಂಟಿತು. ಮನೆಯಲ್ಲಿ ಉಪ್ಪು ಮುಗಿದರೂ ಚೀಟಿ ಬರೆದು, ಕೆಳಗೆ ರುಜು ಹಾಕಿ ಹೆಂಡತಿಯ ಮುಂದಿಡುತ್ತಿದ್ದೆ. ಅವಳು ಅದರಲ್ಲಿ ಒಗ್ಗರಣೆ ಸೌಟು ಒರೆಸುತ್ತಿದ್ದಳು. ಈ ರೋಗ ಬೇರೆಯವರ ಬದುಕನ್ನೂ ಕೆಡಿಸಬಲ್ಲದೆಂದು ತಿಳಿದದ್ದು ಮಾನೇಸರ್ ಹತ್ತಿರದ ಹಳ್ಳಿಗೆ ಬಂದ ಮೇಲೆ.

ದಿಲ್ಲಿಯೊಳಗೆ ಮನೆ ಕೊಳ್ಳುವ ಯೋಗ್ಯತೆ ಇಲ್ಲದೆ ಆ ಹಳ್ಳಿಯ ಅಂಚಿನಲ್ಲಿ ಎರಡು ಕೋಣೆ ಕಟ್ಟಿಕೊಂಡಿದ್ದೆವು. ಸುತ್ತ ಕಾರ್ಖಾನೆಗಳು ಬಂದಂತೆ ಊರಿಗೆ ಕಳ್ಳತನವೂ ಬಂತು. ಮೊದಲು ಯಾರದೋ ಬೋರ್‌ವೆಲ್ ಮೋಟರು ಹೋಯಿತು, ಆಮೇಲೆ ಊರ ಮುಖಂಡ ಚೌಧರಿಯವರ ಎಮ್ಮೆ. ಮೋಟರಿಗೆ ಸುಮ್ಮನಿದ್ದ ಊರು ಎಮ್ಮೆ ಹೋದ ಮರುದಿನವೇ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಸೇರಿತು. “ಬಾಬೂಜಿ, ಲಾಠಿ ಹಿಡಿಯೋಕೆ ನಾವಿದ್ದೀವಿ. ಕಲಂ ಹಿಡಿಯೋರು ನೀವೊಬ್ಬರೇ. ಕಳ್ಳತನ ತಡೆಯೋ ಸಮಿತಿಗೆ ನೀವೇ ಸೆಕ್ರೆಟರಿ,” ಎಂದರು ಚೌಧರಿ. ಅಷ್ಟು ವರ್ಷ ಸರ್ಕಾರ ಕೊಡದ ಬಡ್ತಿಯನ್ನು ಒಂದು ಎಮ್ಮೆ ಕೊಟ್ಟಿತು.

ಅಲ್ಲಿಯವರೆಗೆ ಊರು ಬಿಟ್ಟು ಹೋಗುವವರು ಕಟ್ಟೆಯ ಮೇಲೆ ಹುಕ್ಕಾ ಸೇದುವ ಮುದುಕರಿಗೆ ಒಂದು ಮಾತು ಹೇಳಿ ಹೋಗುತ್ತಿದ್ದರು. ಮುದುಕರು ಆ ಮನೆಯ ಕಡೆ ಕಣ್ಣಿಡುತ್ತಿದ್ದರು. ಇದಕ್ಕೆಲ್ಲ ದಾಖಲೆ ಎಲ್ಲಿದೆ ಎಂದು ಕೇಳಿದವನು ನಾನು. ಮನೆ ಯಾರದು, ಹೊರಡುವ ದಿನ, ಮರಳುವ ದಿನ ಎಂದು ಗೀಟು ಹಾಕಿ, ದಪ್ಪ ಹಿಂದಿ ಅಕ್ಷರಗಳಲ್ಲಿ ಪಟ್ಟಿ ಬರೆದು ಕಟ್ಟೆಯ ಗೋಡೆಗೆ ಅಂಟಿಸಿದೆ.

“ರೀ, ಯಾರ ಮನೆ ಯಾವತ್ತು ಖಾಲಿ ಅಂತ ಗೋಡೆ ಮೇಲೆ ಬರೀತಾರಾ? ಕಳ್ಳರಿಗೆ ಓದೋಕೆ ಬರಲ್ಲ ಅಂದ್ಕೊಂಡ್ರಾ?” ಎಂದಳು ಹೆಂಡತಿ.

“ನಿನಗೆ ಆಡಳಿತ ಅರ್ಥವಾಗಲ್ಲ ಕಣೇ. ಇದು ಮಾಹಿತಿ ಹಕ್ಕಿನ ಕಾಲ,” ಎಂದೆ.

ಕಳ್ಳರು ಆ ಹಕ್ಕನ್ನು ಚೆನ್ನಾಗಿ ಬಳಸಿಕೊಂಡರು. ವಿಧವೆ ಬಿಮಲಾ ದೇವಿ ಪಟ್ಟಿಯಲ್ಲಿ ಹೆಸರು ಬರೆಸಿ, ತಮ್ಮನ ಮದುವೆಗೆಂದು ನಾಲ್ಕು ದಿನ ಹೋಗಿದ್ದಳು. ಮೂರನೆಯ ದಿನ ಮಟಮಟ ಮಧ್ಯಾಹ್ನ ಅವಳ ಮನೆ ಮುಂದೆ ಟೆಂಪೋ ನಿಂತು, ಮನೆ ತೊಳೆದಂತೆ ಎಲ್ಲವನ್ನೂ ಹೇರಿಕೊಂಡು ಹೋಯಿತು. ಮುದುಕರು ನೋಡಿದ್ದರು. ಪಟ್ಟಿ ಇದೆ, ಸೆಕ್ರೆಟರಿ ಇದ್ದಾರೆ, ನಮಗ್ಯಾಕೆ ಎಂದು ಹುಕ್ಕಾ ಸೇದಿದ್ದರು. ಬಿಮಲಾ ಬಂದು ಒಂದೇ ಮಾತು ಕೇಳಿದಳು: “ಮಶೀನೂ ಒಯ್ದರಾ?” ಆ ಹೊಲಿಗೆ ಯಂತ್ರದಿಂದಲೇ ಅವಳ ಮಕ್ಕಳು ಉಣ್ಣುತ್ತಿದ್ದರು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಪೊಲೀಸರು ಬರುವ ಮೊದಲು ನಾನು ಮಾಡಿದ ಕೆಲಸ, ಪಟ್ಟಿಯನ್ನು ಗೋಡೆಯಿಂದ ಕಿತ್ತು ಜೇಬಿಗೆ ತುರುಕಿದ್ದು. ಠಾಣೆಯ ದರೋಗಾ ಕೇಳಿದ: “ಮನೆ ಖಾಲಿ ಇರೋದು ಯಾರಿಗೆ ಗೊತ್ತಿತ್ತು?” ಪಟ್ಟಿಗೆ ಹೆಸರು ಕೊಟ್ಟವರೆಲ್ಲ ನೆಲ ನೋಡಿದರು. ಕೊನೆಗೆ ಚೌಧರಿ, “ಬಿಮಲಾ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ಬಿಹಾರಿ ಬಾಡಿಗೆಗಿದ್ದಾನೆ,” ಎಂದರು. ಎಲ್ಲರಿಗೂ ಹೋದ ಜೀವ ಬಂತು, ಎಲ್ಲರಿಗಿಂತ ಮೊದಲು ನನಗೆ. ಆ ಬಿಹಾರಿ ರಾಮದೀನ್, ಕಾರ್ಖಾನೆಯಲ್ಲಿ ಹೆಬ್ಬೆಟ್ಟು ಒತ್ತಿ ಸಂಬಳ ಪಡೆಯುವವನು. ನನ್ನ ಪಟ್ಟಿಯ ಒಂದಕ್ಷರವನ್ನೂ ಓದಲಾರ. ಆದರೂ ದೂರು ಬರೆದುಕೊಟ್ಟವನು ನಾನೇ. ‘ಬಲವಾದ ಅನುಮಾನವಿದೆ’ ಎಂಬ ಮಾತನ್ನು ದರೋಗಾ ಎರಡು ಸಲ ಓದಿ ತಲೆದೂಗಿದ.

ರಾಮದೀನನನ್ನು ಎರಡು ದಿನ ಠಾಣೆಯಲ್ಲಿಟ್ಟು, ಏನೂ ಸಿಗದೆ ಬಿಟ್ಟರು. ಅಷ್ಟರಲ್ಲಿ ಊರವರು ಅವನ ಗಂಟುಮೂಟೆಯನ್ನು ಬೀದಿಗೆ ಹಾಕಿದ್ದರು. ಕುಂಟುತ್ತಾ ನನ್ನ ಬಾಗಿಲಿಗೆ ಬಂದು ಕೈಮುಗಿದ. “ಬಾಬೂಜಿ, ನೀವು ಓದಿದವರು. ನಾನು ಚೋರ್ ಅಲ್ಲ ಅಂತ ಎರಡು ಸಾಲು ಬರೆದುಕೊಡಿ. ಇನ್ನೊಂದು ಊರಲ್ಲಿ ತೋರಿಸ್ತೀನಿ.”

ಒಳಗಿಂದ ಹೆಂಡತಿ ನೋಡುತ್ತಿದ್ದಳು. ಉಪ್ಪಿಗೂ ಚೀಟಿ ಬರೆಯುವ ನಾನು ಜೇಬಿನ ಪೆನ್ನನ್ನು ಮುಟ್ಟಿಕೊಂಡು ಹೇಳಿದೆ: “ನಾಳೆ ಬಾ.”