ಶೇಂಗಾ ಚಟ್ನಿ ಡಬ್ಬಿಯಲ್ಲಿ ಒಂದು ಐಸಿ

ಹೆಮ್ಮೆಯ ಮನುಷ್ಯನಿಗೆ ದುಡಿಯುವುದು ಸುಲಭ, ಕೇಳುವುದು ಕಷ್ಟ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಇಚಲಕರಂಜಿಯಲ್ಲಿರುವ ನನ್ನ ಪವರ್‌ಲೂಮ್ ಮಗ್ಗದ ಒಂದೊಂದು ಬೋಲ್ಟೂ ನನ್ನ ಕೈ ಕಂಡಿದೆ. ಆದರೆ ಹೆಂಡತಿ ಮಹಾದೇವಿಗೆ ‘ನೀನಿಲ್ಲದೆ ನಡೆಯುವುದಿಲ್ಲ’ ಎಂಬ ಮಾತು ಮಾತ್ರ ನನ್ನ ಬಾಯಿಂದ ನೆಟ್ಟಗೆ ಹೊರಟದ್ದಿಲ್ಲ.

ನೇಸರಿ ಊರಿಗೆ ಕೊಟ್ಟ ಮಗಳು ಗೌರಿಗೆ ದಿನ ತುಂಬಿತ್ತು. ಮೊದಲನೆಯ ಹೆರಿಗೆ ನಮ್ಮಲ್ಲಾಗಿತ್ತು, ಎರಡನೆಯದು ಗಂಡನ ಮನೆಯಲ್ಲಿ. ಅವಳ ಅತ್ತೆಗೆ ಮೊಣಕಾಲು ನೋವು. ಬಾಣಂತನಕ್ಕೆ ಮಹಾದೇವಿಯೇ ಹೋಗಬೇಕು. ಆದರೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ, ಮಗ್ಗದಲ್ಲಿ ಅಡ್ಡ ಹಾಯುವ ಹೊಕ್ಕಿನ ಎಳೆ ಹರಿದದ್ದನ್ನು ಓರೆಗಣ್ಣಲ್ಲಿ ಹಿಡಿಯುವವಳು ಅವಳೇ. ಹಿಡಿಯದಿದ್ದರೆ ಬಟ್ಟೆಯಲ್ಲಿ ಸಂದು ಬಿದ್ದು ವ್ಯಾಪಾರಿ ಇಡೀ ಥಾನನ್ನೇ ಹಿಂದಕ್ಕೆ ಎಸೆಯುತ್ತಾನೆ. ನನ್ನ ಕಣ್ಣಿಗಂತೂ ಎಳೆಯೂ ಒಂದೇ, ಗಾಳಿಯೂ ಒಂದೇ.

“ನಾ ಹೋದ್ರ ಎಳಿ ಯಾರು ನೋಡ್ತಾರ್ರಿ?” ಎಂದಳು.

“ಮಗ್ಗಕ್ಕ ಕಣ್ಣು ನಾ ಮಾಡ್ತೇನಿ. ನೀ ಚೀಲಾ ತುಂಬು,” ಎಂದೆ. ಹೆಮ್ಮೆ ಎಂದರೆ ಇದೇ ನೋಡಿ.

ಕಣ್ಣು ಎಂದರೆ ಇಷ್ಟೇ. ಒಂದು ಬದಿಗೆ ಸಣ್ಣ ದೀಪ, ಎದುರಿಗೆ ಬೆಳಕು ಬಿದ್ದರೆ ಚೂರು ಕರೆಂಟ್ ಕೊಡುವ ಫೋಟೋಡಯೋಡ್. ನಡುವೆ ಎಳೆ ಹಾದರೆ ಬೆಳಕು ಕೂದಲಿನಷ್ಟು ಮಬ್ಬಾಗುತ್ತದೆ; ಮಬ್ಬಾಗದಿದ್ದರೆ ಎಳೆ ಹರಿದಿದೆ ಎಂದು ಮಗ್ಗ ತಾನೇ ನಿಲ್ಲಬೇಕು. ಆ ಕೂದಲಿನಷ್ಟನ್ನು ದೊಡ್ಡದು ಮಾಡುವುದು ಎಂಟು ಕಾಲಿನ ಒಂದು ಕರಿ ಐಸಿ. ನಮ್ಮ ಓಣಿಯಲ್ಲಿ ಭಜನೆಗೆ ಮೈಕು ಹಾಕುವವನು, “ಇದನ್ನ ಹಾಕ್ರಿ ಕಾಕಾ, ಭಾಳ ಶಾಂತ ಐತಿ, ಸ್ವಂತ ಗದ್ದಲ ಇಲ್ಲ,” ಎಂದು ಒಂದನ್ನು ಕೊಟ್ಟ. ಹಾಕಿದೆ. ಎಳೆ ನೆಟ್ಟಗಿದ್ದಾಗ ಮಗ್ಗ ನಿಂತಿತು; ಹರಿದಾಗ ಖುಷಿಯಿಂದ ಓಡಿತು. ಮಹಾದೇವಿ ತುಂಬಿಟ್ಟಿದ್ದ ಚೀಲದಿಂದ ಎರಡು ಸೀರೆ ಹೊರಗೆ ತೆಗೆದಿಟ್ಟಳು.

ಆ ಸೀರೆ ನೋಡಲಾಗದೆ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರದ ಅಂಗಡಿಗೆ ಹೋದೆ. ಅಂಗಡಿಯವನು ಮರಾಠಿಯವನಾದರೂ ನನ್ನ ಜೊತೆ ಕನ್ನಡವೇ. “ಕಾಯ ಝಾಲಂ ಅಣ್ಣಾ, ಏನಾತು?” ಎಂದು ಶುರು ಮಾಡಿ, ಐಸಿ ನೋಡಿ ನಕ್ಕ. “ಸ್ಪೀಕರಿಗೆ ಇದು ಬೇಷ್. ನಿಮ್ಮ ಫೋಟೋಡಯೋಡ್ ಕೊಡೂದ ಒಂದು ಹನಿ ಕರೆಂಟ್. ಅದರಾಗೂ ಇದು ತನ್ನ ಪಾಲು ಕುಡೀತೈತಿ. ಗದ್ದಲಾನೂ ಮಾಡಬಾರದು, ಬಂದದ್ದನ್ನ ತಿನ್ನಾಕೂ ಬಾರದು, ಅಂಥಾದ್ದ ಬೇಕು ನಿಮಗ.” ಹಾಗೆಂದು, ಬಂದ ಕರೆಂಟನ್ನು ಕುಡಿಯದ ‘ಫೆಟ್’ ಜಾತಿಯ ಇನ್ನೊಂದು ಐಸಿ ಕೊಟ್ಟ.

ಮನೆಗೆ ಬಂದು ಇದನ್ನೆಲ್ಲ ಪಂಡಿತನ ಹಾಗೆ ವಿವರಿಸಿದೆ.

“ಮಾತು ಕಡಿಮಿ, ಆದ್ರ ತಾಟ ಖಾಲಿ ಮಾಡೂದು. ಮೊದಲಿಂದು ನಿಮ್ಮ ತಮ್ಮನಂಗ ಅನ್ರಿ,” ಎಂದಳು.

“ಮತ್ತ ಈ ಹೊಸಾದು?”

“ಗದ್ದಲಿಲ್ಲ, ತಿನ್ನೂದಿಲ್ಲ. ಇಂಥಾದ್ದು ಗಂಡಸರೊಳಗಂತೂ ಸಿಗಲಿಲ್ಲ. ಐಸಿಯೊಳಗರ ಸಿಕ್ತಲ್ಲ.”

ಟ್ಯೂಬ್‌ಲೈಟು, ಮೋಟಾರುಗಳ ಉಪದ್ರವ ತಾಗದಂತೆ ಐಸಿಯನ್ನು ತಗಡಿನೊಳಗೆ ಮುಚ್ಚಬೇಕಿತ್ತು. ಅವಳೇ ಶೇಂಗಾ ಚಟ್ನಿಯ ಡಬ್ಬಿಯನ್ನು ಒರೆಸಿ ಕೊಟ್ಟಳು. ಮಗ್ಗ ಹಚ್ಚಿದೆವು. ಅವಳು ಕೈಯಾರೆ ಎಳೆ ಹರಿದಳು, ಮಗ್ಗ ನಿಂತಿತು. ಮತ್ತೆ ಹರಿದಳು, ಮತ್ತೆ ನಿಂತಿತು. ಕರುವಿನ ತಲೆ ಸವರುವಂತೆ ಡಬ್ಬಿಯನ್ನೊಮ್ಮೆ ಸವರಿ, “ಹಂಗಾರ ನಾ ಹೋಗೂದಾತು,” ಎಂದು ಸೀರೆಗಳನ್ನು ಮತ್ತೆ ಚೀಲಕ್ಕೆ ತುಂಬಿದಳು.

ಮೊಮ್ಮಗಳು ಹುಟ್ಟಿದಳು. ಬಾಣಂತನ ಮುಗಿಯಿತು. ಮಹಾದೇವಿ ಮಾತ್ರ ‘ಇನ್ನೊಂದೆರಡು ದಿನ’ ಎನ್ನುತ್ತಲೇ ಇದ್ದಳು. ಏಕೆ ಬಂದಾಳು? ಮಗ್ಗ ಒಂದು ತಪ್ಪೂ ಮಾಡುತ್ತಿರಲಿಲ್ಲ. ತಪ್ಪು ಮಾಡದ ಯಂತ್ರದ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು. ಹಳೇ ಐಸಿಯನ್ನು ಕೈಯಲ್ಲಿ ಹಿಡಿದು, ಮತ್ತೆ ಇದನ್ನೇ ಹಾಕಿ ಮಗ್ಗ ಕೆಡಿಸಲೇ ಎಂದು ಯೋಚಿಸಿದೆ. ಕೊನೆಗೆ ಅವಳಿಗೆ ಫೋನು ಹಚ್ಚಿದೆ.

“ಆ ಐಸಿ ಯಾಕೋ ಸರಿ ಇಲ್ಲ. ಸುಮ್ಮಸುಮ್ಮನ ಗದ್ದಲ ಮಾಡಾಕತ್ತೈತಿ.”

ನನ್ನ ಬೆನ್ನ ಹಿಂದೆ ಮಗ್ಗ ಒಂದೇ ಹದದಲ್ಲಿ ಬಡಿಯುತ್ತಿದ್ದುದು ಅವಳಿಗೂ ಕೇಳಿರಬೇಕು.

“ಐಸಿ ಮಾಡಾಕತ್ತೈತೋ, ನೀವ ಮಾಡಾಕತ್ತೀರೋ?”

“ನಾನ,” ಎಂದೆ, ಸಣ್ಣ ದನಿಯಲ್ಲಿ.

ಅಷ್ಟು ಸಣ್ಣದು ನೇಸರಿಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೋ, ಐತವಾರದ ಎಸ್‌ಟಿಗೇ ಬಂದಿಳಿದಳು. ಚೀಲ ಕೆಳಗಿಟ್ಟವಳೇ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಆಮೇಲೆ ಬೆಳೆದ ನನ್ನ ಗಡ್ಡ ನೋಡಿದಳು.

“ಐಸಿ ಬೇಷ್ ಐತ್ರಿ,” ಎಂದಳು. “ರಿಪೇರಿ ಬ್ಯಾರೆದ್ದಕ್ಕ ಬೇಕಾಗೈತಿ.”